ಮೊದಲು ನೆಲ, ಆಮೇಲೆ ಹಗ್ಗ, ಕೊನೆಗೆ ಹೆಸರು: ದುರ್ಗ–ದಾವಣಗೆರೆ ಸೀಮೆಯಲ್ಲಿ ಆಫ್‌ರೋಡ್ ಗಾಡಿಗಳ ಕ್ಲಬ್ ಕಟ್ಟುವ ಬಗೆ

ಕ್ಲಬ್ ಕಟ್ಟೋಣ ಅಂದ ಕೂಡಲೇ ಲೋಗೊ ಬಿಡಿಸುವುದು, ಟೀಶರ್ಟ್ ಹೊಲಿಸುವುದು, ಬಾನೆಟ್ಟಿಗೆ ಸ್ಟಿಕ್ಕರ್ ಅಂಟಿಸುವುದು ಶುರುವಾಗುತ್ತದೆ. ಹೀಗೆ ಹುಟ್ಟಿದ ಕ್ಲಬ್ಬಿಗೆ ಎರಡು ಮೂರು ತಿಂಗಳಲ್ಲಿ ಗಾಡಿ ಓಡಿಸಲು ಜಾಗವೇ ಇರುವುದಿಲ್ಲ. ಯಾರದೋ ಹೊಲದ ಬದು ಮುರಿಯುತ್ತದೆ, ಊರಿನವರು ಗಾಡಿ ಅಡ್ಡಗಟ್ಟುತ್ತಾರೆ, ಆ ಸೀಮೆಯ ಬಾಗಿಲು ಅಲ್ಲಿಗೆ ಮುಚ್ಚುತ್ತದೆ. ಇಲ್ಲದಿದ್ದರೆ ಹಗ್ಗ ಕಟ್ಟಲು ಬಾರದ ಕೈಗಳಿಂದ ಯಾರಿಗಾದರೂ ಪೆಟ್ಟಾಗಿ, ಮನೆಯವರು ಗಾಡಿಯ ಕೀಲಿಯನ್ನೇ ಕಿತ್ತಿಟ್ಟುಕೊಳ್ಳುತ್ತಾರೆ. ಆದ್ದರಿಂದ ಈ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಓಡಿಸಲು ಒಪ್ಪಿಗೆಯಿರುವ ನೆಲ, ಆಮೇಲೆ ಹೂತ ಗಾಡಿಯನ್ನು ತೆಗೆಯುವ ಸಾಮಾನು ಮತ್ತು ಕಲಿಕೆ, ಅದಾದ ಮೇಲೆ ಜನ, ಕಟ್ಟಕಡೆಗೆ ಹೆಸರು ಮತ್ತು ನೋಂದಣಿ. ಈ ಬರಹವೂ ಅದೇ ಕ್ರಮದಲ್ಲಿದೆ.

ಎಷ್ಟು ಗಾಡಿ, ಎಂಥ ಗಾಡಿ

ಶುರುವಿಗೆ ಐದು ಗಾಡಿ ಸಾಕು. ಮೂರಕ್ಕಿಂತ ಕಡಿಮೆ ಇದ್ದರೆ ಹೊರಡಬೇಡಿ. ಒಂದು ಹೂತರೆ ಎಳೆಯಲು ಒಂದು ಬೇಕು, ಆಸ್ಪತ್ರೆಗೋ ಸಾಮಾನು ತರಲೋ ಓಡಲು ಇನ್ನೊಂದು ಬೇಕು. ಹತ್ತು ದಾಟಿದರೆ ಎರಡು ಗುಂಪು ಮಾಡಿ. ಉದ್ದನೆಯ ಸಾಲಿನಲ್ಲಿ ಹಿಂದಿನವರು ಕಾಯುವುದರಲ್ಲೇ ದಿನ ಕಳೆಯುತ್ತಾರೆ, ಬೇಸರ ಬಂದವರು ಅಡ್ಡದಾರಿ ಹಿಡಿಯುತ್ತಾರೆ.

ಗಾಡಿಗಳ ತೂಕವನ್ನು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದಿಡಿ. ಹಳೆಯ ಜಿಪ್ಸಿ ಸುಮಾರು ಒಂದು ಟನ್, ಜಿಮ್ನಿ 1,200 ಕೆ.ಜಿ. ಆಸುಪಾಸು, 2020ರ ನಂತರದ ಥಾರ್ ಹತ್ತಿರ ಹತ್ತಿರ 1,750 ಕೆ.ಜಿ., ಗೂರ್ಖಾ ಮತ್ತು ಫಾರ್ಚೂನರ್ ಎರಡು ಟನ್ ದಾಟುತ್ತವೆ. ಎರೆಮಣ್ಣಿನಲ್ಲಿ ಹೂತ ಫಾರ್ಚೂನರನ್ನು ಒಂಟಿ ಜಿಪ್ಸಿ ಎಳೆಯಲಾರದು. ಹಾಗಾಗಿ ಪ್ರತಿ ಗುಂಪಿನಲ್ಲೂ ಅತಿ ಭಾರದ ಗಾಡಿಗೆ ಸರಿಸಮನಾದ ಇನ್ನೊಂದು ಗಾಡಿ ಇರಲೇಬೇಕು ಎಂದು ನಿಯಮ ಮಾಡಿ. ಲೋ ರೇಂಜ್ ಗೇರ್ (ನಿಧಾನ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಗೇರು) ಇಲ್ಲದ ಎಸ್‌ಯುವಿಗಳನ್ನು ದೂರ ಇಡುವುದು ಬೇಡ. ಆದರೆ ಅವು ಬಂಡಿದಾರಿಯ ಸುಲಭ ಓಡಾಟಕ್ಕೆ ಮಾತ್ರ ಬರಲಿ, ಕಲ್ಲುಗುಡ್ಡಕ್ಕಲ್ಲ.

1997ರ ತನಕ ಚಿತ್ರದುರ್ಗ, ದಾವಣಗೆರೆ ಎರಡೂ ಒಂದೇ ಜಿಲ್ಲೆಯಾಗಿದ್ದವು. ಇವತ್ತಿಗೂ ಕೆಎ 16 ಮತ್ತು ಕೆಎ 17ರ ಗಾಡಿಗಳನ್ನು ಒಂದೇ ಕ್ಲಬ್ಬಿನಲ್ಲಿ ಸೇರಿಸುವುದೇ ಸರಿ. ಹೆದ್ದಾರಿ 48ರಲ್ಲಿ ಎರಡು ಊರುಗಳ ನಡುವೆ ಸುಮಾರು 60 ಕಿ.ಮೀ. ಮಾತ್ರ. ನೆಲದ ಬಗೆ ನೋಡಿದರೆ ಚಳ್ಳಕೆರೆ ಕಡೆ ಕೆಂಪು ಮರಳು ಮಿಶ್ರಿತ ಮಣ್ಣು, ಹೊಸದುರ್ಗ–ಹೊಳಲ್ಕೆರೆ ಕಡೆ ಗರಸು ಮತ್ತು ಕಲ್ಲುಗುಡ್ಡ, ಹರಿಹರ–ದಾವಣಗೆರೆ ಕಡೆ ಕಪ್ಪು ಎರೆ. ಒಂದೇ ಬಗೆಯ ನೆಲದಲ್ಲಿ ಕಲಿತವರು ಇನ್ನೊಂದರಲ್ಲಿ ಖಂಡಿತ ಹೂತುಹೋಗುತ್ತಾರೆ.

ನೆಲ: ಇಡೀ ಕ್ಲಬ್ ನಿಂತಿರುವುದು ಇದರ ಮೇಲೆ

ಬಯಲು ಖಾಲಿ ಕಂಡರೆ ಅದು ಯಾರದೂ ಅಲ್ಲ ಎಂದು ತಿಳಿಯಬೇಡಿ. ಚಿತ್ರದುರ್ಗ ಜಿಲ್ಲೆಯಲ್ಲಿ ಈ ತಪ್ಪು ಎಲ್ಲಕ್ಕಿಂತ ದುಬಾರಿ. ಚಳ್ಳಕೆರೆ ತಾಲ್ಲೂಕಿನ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳು, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಮೇವಿನ ನೆಲ. ದನ, ಕುರಿ ಮೇಯಿಸುವ ಊರುಗಳ ಬದುಕು ಅವುಗಳ ಮೇಲಿದೆ, ಕೃಷ್ಣಮೃಗಗಳೂ ಅಲ್ಲೇ ಮೇಯುತ್ತವೆ. ಕುದಾಪುರದ ಸುತ್ತ ಈ ಕಾವಲುಗಳ ದೊಡ್ಡ ಭಾಗ ಭಾರತೀಯ ವಿಜ್ಞಾನ ಸಂಸ್ಥೆ, ಡಿಆರ್‌ಡಿಒ ಮುಂತಾದ ಸಂಸ್ಥೆಗಳಿಗೆ ಹೋಗಿದೆ. ಅಲ್ಲಿ ಗೋಡೆಯ ಪಕ್ಕ ಗಾಡಿ ತಿರುಗಿಸುವುದೂ ಬೇಡ, ಡ್ರೋನ್ ಹಾರಿಸುವುದಂತೂ ಬೇಡವೇ ಬೇಡ. ದುರ್ಗದ ಪಕ್ಕದ ಜೋಗಿಮಟ್ಟಿ, ಜಗಳೂರು ತಾಲ್ಲೂಕಿನಲ್ಲಿ ಕೊಂಡುಕುರಿಗಾಗಿಯೇ ಘೋಷಿಸಿರುವ ರಂಗಯ್ಯನದುರ್ಗ, ಎರಡೂ ವನ್ಯಧಾಮಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದೇ ಅಪರಾಧ. ಕೋಟೆ, ಚಂದ್ರವಳ್ಳಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನದ ಬಂಡೆ ಇವೆಲ್ಲ ಸಂರಕ್ಷಿತ ಜಾಗಗಳು. ಆ ಗುಡ್ಡಗಳ ಇಳಿಜಾರು ಎಷ್ಟು ಚೆನ್ನಾಗಿ ಕಂಡರೂ ಚಕ್ರ ಹತ್ತಿಸಬಾರದು. ಗಾಳಿಯಂತ್ರದ ಗುಡ್ಡಗಳಿಗೆ ಹೋಗುವ ರಸ್ತೆಗಳು ಕಂಪನಿಗಳ ನಿರ್ವಹಣೆಗೆಂದು ಮಾಡಿದವು. ಕೇಳದೆ ಹತ್ತಬೇಡಿ.

ಹಾಗಾದರೆ ಉಳಿಯುವುದೇನು? ಬೀಳು ಬಿಟ್ಟ ಪಟ್ಟಾ ಜಮೀನು, ಸುಗ್ಗಿ ಮುಗಿದ ಹೊಲ, ಖಾಸಗಿ ತೋಟದ ಅಂಚಿನ ಕಲ್ಲುಬೋರೆ, ಊರಿಂದೂರಿಗೆ ಹೋಗುವ ಹಳೆಯ ಬಂಡಿದಾರಿ. ಎರಡು ಜಿಲ್ಲೆಗಳಿಗೆ ಇದು ಬೇಕಾದಷ್ಟಾಯಿತು.

ಜಾಗ ಹಿಡಿಯುವ ಬಗೆ ಹೀಗೆ. ಸರ್ಕಾರದ ದಿಶಾಂಕ್ ಆ್ಯಪನ್ನು ಫೋನಿಗೆ ಹಾಕಿಕೊಂಡು ಆ ನೆಲದ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಹಿಡಿದು ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯಿರಿ. ಕಾಲಂ 9ರಲ್ಲಿ ಮಾಲೀಕರ ಹೆಸರು, ಕಾಲಂ 12ರಲ್ಲಿ ಸಾಗುವಳಿ ಮಾಡುವವರ ಹೆಸರು ಇರುತ್ತದೆ. ಎಡವುವುದು ಇಲ್ಲಿಯೇ. ಖಾತೆ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲಿರುತ್ತದೆ, ನಾಲ್ಕು ಮಂದಿ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡಿರುತ್ತಾರೆ. ಒಬ್ಬರು ‘ಬನ್ನಿ ಸಾರ್’ ಅಂದರೆ ಉಳಿದ ಮೂವರು ಒಪ್ಪಿದಂತಾಗಲಿಲ್ಲ. ಎಲ್ಲರನ್ನೂ ಅವರವರ ಮನೆಗೇ ಹೋಗಿ ಕಾಣಿರಿ. ಗೋಮಾಳ, ‘ಬಿ’ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟದ್ದು) ಎಂದು ಬಂದರೆ ಅದು ಸರ್ಕಾರಿ ನೆಲ. ಒಬ್ಬ ರೈತರ ಒಪ್ಪಿಗೆಯಿಂದ ಅಲ್ಲಿ ಇಳಿಯುವಂತಿಲ್ಲ.

ಒಪ್ಪಿಗೆಯನ್ನು ಒಂದು ಪುಟದ ಕಾಗದದಲ್ಲಿ ಬರೆಸಿ. ಸರ್ವೆ ನಂಬರ್, ತಾರೀಕು, ಗಾಡಿಗಳ ಗರಿಷ್ಠ ಸಂಖ್ಯೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಕೊಡುವ ಹಣ, ಬದು ಅಥವಾ ಬೇಲಿ ಹಾಳಾದರೆ ಎಷ್ಟು ದಿನದೊಳಗೆ ಸರಿಪಡಿಸುತ್ತೀರಿ, ಇವಿಷ್ಟು ಸಾಕು. ಹಣವನ್ನು ಗಾಡಿಗೆ ಇಷ್ಟು ಎಂದು ಗೊತ್ತುಮಾಡಬೇಡಿ. ಗಾಡಿ ಕಡಿಮೆ ಬಂದ ದಿನ ರೈತರಿಗೆ ನಷ್ಟ ಅನ್ನಿಸುತ್ತದೆ, ಹೆಚ್ಚು ಬಂದ ದಿನ ಎಣಿಕೆಯ ಜಗಳ. ದಿನಕ್ಕಿಷ್ಟು ಎಂದು ಒಂದೇ ಮೊತ್ತ ಇರಲಿ, ಇಳಿಯುವ ಮೊದಲೇ ಕೊಟ್ಟುಬಿಡಿ. ಮಧ್ಯಾಹ್ನದ ಊಟವನ್ನು ಆ ಊರಿನಲ್ಲೇ ಹೇಳಿಟ್ಟು, ಮಾಡಿ ಬಡಿಸಿದವರಿಗೆ ಹಣ ಕೊಡಿ. ಪೇಟೆಯಿಂದ ಪಾರ್ಸೆಲ್ ತಂದು ಹೊಲದಲ್ಲಿ ತಿಂದು ಪ್ಲಾಸ್ಟಿಕ್ ಬಿಟ್ಟುಹೋಗುವ ಗುಂಪನ್ನು ಯಾವ ಊರೂ ಎರಡನೇ ಸಲ ಕರೆಯುವುದಿಲ್ಲ.

ಜಾಗ ಕೇಳುವಾಗ ಇನ್ನೊಂದನ್ನು ಮರೆಯದೆ ವಿಚಾರಿಸಿ. ಈ ಸೀಮೆಯ ಪಶುಪಾಲಕ ಸಮುದಾಯವಾದ ಮ್ಯಾಸನಾಯಕರ ಹಟ್ಟಿಗಳ ಆಸುಪಾಸಿನಲ್ಲಿ ದೇವರ ಎತ್ತುಗಳನ್ನು ಕಟ್ಟುವ, ಮೇಯಿಸುವ ಜಾಗಗಳಿವೆ. ಅವರಿಗೆ ಅದು ಗುಡಿಯಷ್ಟೇ ಪವಿತ್ರ. ಆ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹಟ್ಟಿಯ ಹಿರಿಯರನ್ನೇ ಕೇಳಿ, ದಾರಿಯ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು, ಅದರಾಚೆ ಉಳಿಯಿರಿ. ಗೊಲ್ಲರಹಟ್ಟಿಗಳ ಕುರಿಹಿಂಡು ಎದುರಾದರೆ ಎಂಜಿನ್ ಬಂದ್ ಮಾಡಿ ನಿಲ್ಲಿ. ಹಾರನ್ ಹೊಡೆದರೆ ಮರಿಗಳು ಚದುರಿ ಗಾಡಿ ಕೆಳಗೇ ನುಗ್ಗುತ್ತವೆ.

ಕಾಲ್ನಡಿಗೆಯಲ್ಲಿ ನೋಡಿದ ಹೊರತು ಗಾಡಿ ಇಳಿಸಬೇಡಿ

ಓಡಾಟದ ದಿನಕ್ಕೆ ಒಂದು ವಾರ ಮೊದಲು ಇಬ್ಬರು ಸದಸ್ಯರು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಪೂರ್ತಿ ದಾರಿ ನಡೆಯಬೇಕು. ಇಲ್ಲಿಯ ನೆಲದಲ್ಲಿ ಗಾಡಿಗೂ ಜೀವಕ್ಕೂ ಅಪಾಯ ತರುವ ಸಂಗತಿಗಳು ಸೀಟಿನಿಂದ ಕಾಣುವುದಿಲ್ಲ. ನೆಲಮಟ್ಟದಲ್ಲಿ ಬಾಯ್ತೆರೆದ, ಕಟ್ಟೆಯಿಲ್ಲದ ಹಳೇ ಬಾವಿಗಳು ಆಳೆತ್ತರದ ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತವೆ. ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಚಕ್ರ ಜಾರಿದರೆ ಹಿಡಿತ ಸಿಗುವುದೇ ಇಲ್ಲ, ಬಿದ್ದ ಮನುಷ್ಯನೂ ತಾನಾಗಿ ಹತ್ತಿ ಬರಲಾರ. ವೇದಾವತಿಯ ಪಾತ್ರದಲ್ಲಿ ಮರಳು ತೆಗೆದ ಗುಂಡಿಗಳು ನೀರು ತುಂಬಿಕೊಂಡು ಸಮತಟ್ಟಾಗಿ ಕಾಣುತ್ತವೆ. ಬಿಟ್ಟುಹೋದ ಕ್ವಾರಿಗಳ ಅಂಚು ಕೆಳಗಿನಿಂದ ಕೊರೆದಿರುತ್ತದೆ, ಮೇಲೆ ಗಾಡಿ ನಿಂತರೆ ಕುಸಿಯುತ್ತದೆ. ಹೊಲದಲ್ಲಿ ಹನಿ ನೀರಾವರಿ ಪೈಪು, ಬೋರ್‌ವೆಲ್ಲಿನ ಕೇಸಿಂಗ್, ಕೇಬಲ್ ಇವೆಲ್ಲ ಮಣ್ಣಿನಡಿ ಅಡಗಿರುತ್ತವೆ. ಸಿಕ್ಕ ಪ್ರತಿ ಅಪಾಯದ ಪಕ್ಕ ಒಂದು ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ಟಿ, ಜಿಪಿಎಸ್ ಗುರುತು ಹಾಕಿಕೊಳ್ಳಿ. ಬಟ್ಟೆಯಿಂದ ಹತ್ತು ಮೀಟರ್ ಒಳಗೆ ಯಾರ ಚಕ್ರವೂ ಹೋಗಕೂಡದು. ಓಡಾಟ ಮುಗಿದ ಮೇಲೆ ಆ ಕಡ್ಡಿಗಳನ್ನು ನೀವೇ ಕಿತ್ತು ತನ್ನಿ.

ತಿಂಗಳ ಲೆಕ್ಕವೂ ಬೇಕು. ಜೂನ್–ಜುಲೈನಲ್ಲಿ ಶೇಂಗಾ, ಮೆಕ್ಕೆಜೋಳ ಬಿತ್ತನೆ. ಹೊಲದ ಕಡೆ ತಲೆಯನ್ನೂ ಹಾಕಬೇಡಿ. ಈ ಭಾಗದಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಜೋರು. ಎರೆಭೂಮಿ ಆಗ ಗೋಂದು. ಬೆಳೆ ಮನೆ ಸೇರಿದ ಮೇಲೆ ನವೆಂಬರಿನಿಂದ ಜನವರಿಯವರೆಗೆ ಓಡಾಟಕ್ಕೆ ಹದವಾದ ಕಾಲ. ಫೆಬ್ರವರಿಯಿಂದ ಮೇವರೆಗೆ ಒಣಹುಲ್ಲಿನ ಭಯ. ಇದನ್ನು ಹಗುರವಾಗಿ ಎಣಿಸಬೇಡಿ. ಈಚಿನ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಆಗಾಗ ತನ್ನೊಳಗಿನ ಮಸಿಯನ್ನು ಸುಟ್ಟು ಸ್ವಚ್ಛ ಮಾಡಿಕೊಳ್ಳುವಾಗ ಒಳಗಿನ ಶಾಖ 600 ಡಿಗ್ರಿ ಆಸುಪಾಸು ಮುಟ್ಟುತ್ತದೆ. ಅಂಥ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿದರೆ ಕೆಳಗೇ ಬೆಂಕಿ ಹತ್ತುತ್ತದೆ. ಪೆಟ್ರೋಲ್ ಗಾಡಿಯ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಶಾಖವೂ ಕಡಿಮೆಯಲ್ಲ. ಬೇಸಿಗೆಯಲ್ಲಿ ಹೊರಡಲೇಬೇಕಾದರೆ ಬರೀ ಮಣ್ಣಿನ, ಕಲ್ಲಿನ ನೆಲ ನೋಡಿಕೊಳ್ಳಿ. ಬಣವೆಗಳಿಂದ ದೂರ ನಿಲ್ಲಿಸಿ. ಪ್ರತಿ ಗಾಡಿಯಲ್ಲೂ ಕೈಗೆಟುಕುವಲ್ಲಿ 2 ಕೆ.ಜಿ.ಯ ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಇರಲಿ.

ಹಗ್ಗ ಮತ್ತು ಜೊತೆಯ ಸಾಮಾನು

ಕ್ಲಬ್ಬಿನ ಮೊದಲ ದುಡ್ಡು ಇಲ್ಲಿಗೆ ಹೋಗಬೇಕು. ಲಾರಿಯ ಉಕ್ಕಿನ ಹಗ್ಗ, ಟ್ರ್ಯಾಕ್ಟರಿನ ಸರಪಳಿ ಎರಡನ್ನೂ ಆಫ್‌ರೋಡ್ ಎಳೆತದಿಂದ ಹೊರಗಿಡಿ. ಅವು ಹಿಗ್ಗುವುದಿಲ್ಲ, ಜಗ್ಗಿದರೆ ಛಾಸಿಯ ಬೆಸುಗೆ ಕಿತ್ತುಬರುತ್ತದೆ ಅಥವಾ ಕೊಂಡಿ ಸಿಡಿದು ಗಾಜು ತೂರಿ ಒಳಗೆ ಬರುತ್ತದೆ.

ಒಂದು ಗುಂಪಿಗೆ ಬೇಕಾದದ್ದು: 22 ಮಿ.ಮೀ. ದಪ್ಪ, 9 ಮೀಟರ್ ಉದ್ದದ ನೈಲಾನ್ ಕೈನೆಟಿಕ್ ಹಗ್ಗ (ಜಗ್ಗಿದಾಗ ಹಿಗ್ಗುವಂಥದ್ದು) ಒಂದು, 4.75 ಟನ್ ಎಂದು ಮೈಮೇಲೆ ಅಚ್ಚೊತ್ತಿದ ಬೋ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಉಕ್ಕಿನ ಬಾಗು ಕೊಂಡಿ) ನಾಲ್ಕು, ನೂಲಿನ ಮೆತ್ತನೆಯ ಶ್ಯಾಕಲ್ ಎರಡು, 75 ಮಿ.ಮೀ. ಅಗಲ, 3 ಮೀಟರ್ ಉದ್ದದ ಮರಕ್ಕೆ ಸುತ್ತುವ ಪಟ್ಟಿ ಒಂದು. ಉದ್ದ ಹಿಡಿಯ ಸಲಿಕೆ ಎರಡು. ಚಕ್ರದಡಿ ಇಡುವ ರಿಕವರಿ ಬೋರ್ಡ್ ಒಂದು ಜೊತೆ. ಹಗ್ಗದ ಮೇಲೆ ಹೊದಿಸಲು ದಪ್ಪ ಕಂಬಳಿ ಎರಡು. ಏರ್ ಕಂಪ್ರೆಸರ್ ಎರಡು. ನಂಬಿಕೆಯ ಗಾಳಿ ಗೇಜ್ ಒಂದು. ಕಂಬಳಿಗೆ ಚಳ್ಳಕೆರೆಯ ಕುರಿಯುಣ್ಣೆ ಕಂಬಳಿಯೇ ಸಾಕು. ಅದರ ತೂಕವೇ ಬೇಕಾದದ್ದು. ಅಚ್ಚು ಇಲ್ಲದ ಶ್ಯಾಕಲ್ ಎಷ್ಟೇ ದಪ್ಪ ಕಂಡರೂ ತರಬೇಡಿ. ಹಾರ್ಡ್‌ವೇರ್ ಅಂಗಡಿಯ ಎರಕದ ಕೊಂಡಿ ಬಾಗುವುದಿಲ್ಲ, ಒಮ್ಮೆಗೇ ಒಡೆಯುತ್ತದೆ.

ಇಷ್ಟು ಬಲದ ಸಾಮಾನು ಏಕೆ? ಚಕ್ರದ ಟೈರ್ ಮಟ್ಟಕ್ಕೆ ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯಲು ಅದರ ತೂಕದಷ್ಟೇ ಬಲ ಬೇಕು, ಚಕ್ರದ ನಡುವಿನ ಹಬ್‌ವರೆಗೆ ಹೂತರೆ ಎರಡರಷ್ಟು, ಹೊಟ್ಟೆ ತಾಗಿ ಕುಳಿತರೆ ಮೂರರಷ್ಟು. ಇದು ಅನುಭವದ ಅಂದಾಜು ಲೆಕ್ಕ. 1,750 ಕೆ.ಜಿ.ಯ ಥಾರ್ ಹಬ್‌ವರೆಗೆ ಎರೆಯಲ್ಲಿ ಕುಳಿತರೆ ಮೂರೂವರೆ ಟನ್. ಹೊಟ್ಟೆವರೆಗೆ ಕುಳಿತರೆ ಐದು ಟನ್ ದಾಟಿತು, ಶ್ಯಾಕಲ್ಲಿನ ಅಳತೆಯೂ ಮೀರಿತು. ಅಂಥ ಹೊತ್ತಿನಲ್ಲಿ ಎಳೆಯುವ ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸಿ ಫಲವಿಲ್ಲ. ಸಲಿಕೆ ಹಿಡಿದು ಚಕ್ರದ ಮುಂದಿನ ಮಣ್ಣು, ಹೊಟ್ಟೆಯಡಿಯ ಮಣ್ಣು ತೆಗೆದರೆ ಬೇಕಾದ ಬಲವೇ ಅರ್ಧಕ್ಕಿಳಿಯುತ್ತದೆ. ಹತ್ತು ನಿಮಿಷ ಅಗೆದವರು ಮನೆಗೆ ಬೇಗ ಹೋಗುತ್ತಾರೆ.

ಕೊಂಡಿ ಎಲ್ಲಿಗೆ ಹಾಕಬೇಕು ಎನ್ನುವುದು ಹಗ್ಗಕ್ಕಿಂತ ಮುಖ್ಯ. ಛಾಸಿಗೆ ಬೋಲ್ಟ್ ಮಾಡಿದ ಎಳೆಯುವ ಕೊಂಡಿಗೆ ಮಾತ್ರ. ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡಿಗೆ (ಟೋ ಬಾಲ್) ಎಂದೂ ಹಗ್ಗ ಹಾಕಬಾರದು. ಜಗ್ಗಿದಾಗ ಅದು ಮುರಿದು ಫಿರಂಗಿ ಗುಂಡಿನಂತೆ ಹಾರುತ್ತದೆ, ಇದರಿಂದ ಲೋಕದಲ್ಲಿ ಪ್ರಾಣಗಳೇ ಹೋಗಿವೆ. ಬಂಪರಿನ ತೂತಿಗೆ ತಿರುಗಿಸಿ ಹಾಕುವ ಕಣ್ಣು ರಸ್ತೆಯ ಮೇಲೆ ನಿಧಾನ ಎಳೆಯಲು ಮಾಡಿದ್ದು, ಕೆಸರಿನ ಜಗ್ಗಾಟಕ್ಕಲ್ಲ. ಹೊಸ ಕೊಂಡಿ ಕೂರಿಸುವುದಾದರೆ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಿರಬೇಕು. ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿಕೊಂಡು ಬಂದ ಕೊಂಡಿಯನ್ನು ಕ್ಲಬ್ ಒಪ್ಪಬಾರದು.

ಎಳೆಯುವ ಕ್ರಮ:

1. ಇಡೀ ಕೆಲಸಕ್ಕೆ ಒಬ್ಬರೇ ಹೇಳುವವರು. ಉಳಿದವರ ಬಾಯಿ ಬಂದ್.
2. ಹೂತ ಗಾಡಿಯ ಟೈರ್ ಗಾಳಿ ಇಳಿಸಿ, ಅಗೆದು, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಲು ನೋಡಿ. ಮುಕ್ಕಾಲು ಪಾಲು ಗಾಡಿ ಇಷ್ಟಕ್ಕೇ ಹೊರಬರುತ್ತವೆ.
3. ಬಾರದಿದ್ದರೆ ಹಗ್ಗ. ಶ್ಯಾಕಲ್ಲಿನ ಪಿನ್ನನ್ನು ಪೂರ್ತಿ ತಿರುಗಿಸಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಬಿಗಿದೇ ಬಿಟ್ಟರೆ ಎಳೆತದ ನಂತರ ಕಚ್ಚಿಕೊಂಡು ಬಿಚ್ಚಲಾಗುವುದಿಲ್ಲ.
4. ಹಗ್ಗದ ನಡುವೆ ಕಂಬಳಿ ಹೊದಿಸಿ. ಹಗ್ಗದ ಉದ್ದದ ಒಂದೂವರೆ ಪಟ್ಟು, ಅಂದರೆ 9 ಮೀಟರಿನ ಹಗ್ಗಕ್ಕೆ ಕಡಿಮೆಯೆಂದರೂ 14 ಮೀಟರ್ ಆಚೆ ಜನ ನಿಲ್ಲಲಿ. ಊರಿನ ಮಕ್ಕಳು ಖಂಡಿತ ಸೇರಿರುತ್ತಾರೆ, ಅವರನ್ನು ದೂರ ನಿಲ್ಲಿಸಲು ಒಬ್ಬ ಸದಸ್ಯರನ್ನು ಬೇರೆಯಾಗಿ ನೇಮಿಸಿ. ಹಗ್ಗವನ್ನು ದಾಟುವುದು, ಅದರ ನೇರಕ್ಕೆ ನಿಲ್ಲುವುದು ಯಾರಿಗೂ ಇಲ್ಲ.
5. ಒಂದು ಮೀಟರಿನಷ್ಟು ಹಗ್ಗ ಸಡಿಲ ಬಿಟ್ಟು, ಎಳೆಯುವ ಗಾಡಿ ಲೋ ರೇಂಜಿನ ಎರಡನೇ ಗೇರಿನಲ್ಲಿ ನಡಿಗೆಯ ವೇಗಕ್ಕಿಂತ ಸ್ವಲ್ಪ ಹೆಚ್ಚು ಹೊರಡಲಿ. ಹಗ್ಗ ಹಿಗ್ಗಿ ತಾನೇ ಎಳೆಯುತ್ತದೆ. ಹೂತ ಗಾಡಿಯವರು ಅದೇ ಹೊತ್ತಿಗೆ ಮೆಲ್ಲಗೆ ಆಕ್ಸಿಲರೇಟರ್ ಕೊಡಲಿ. ಇಬ್ಬರೂ ಸೀಟ್ ಬೆಲ್ಟ್ ಹಾಕಿರಬೇಕು.
6. ಎರಡು ಸಲಕ್ಕೆ ಬಾರದಿದ್ದರೆ ನಿಲ್ಲಿಸಿ, ಮತ್ತೆ ಅಗೆಯಿರಿ. ಹಗ್ಗಕ್ಕೂ ಎಳೆತದ ನಡುವೆ ಬಿಡುವು ಕೊಡಿ. ಬಿಸಿಯಾದ ನೈಲಾನ್ ಬಲ ಕಳೆದುಕೊಳ್ಳುತ್ತದೆ.

ವಿಂಚ್ (ಹಗ್ಗವನ್ನು ಡ್ರಮ್ಮಿಗೆ ಸುತ್ತಿಕೊಳ್ಳುತ್ತಾ ಎಳೆಯುವ ಯಂತ್ರ) ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮೊದಲ ವರ್ಷ ನಡೆಯುತ್ತದೆ. ತೆಗೆದುಕೊಳ್ಳುವುದಾದರೆ ಗಾಡಿಯ ತುಂಬಿದ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದಿರಲಿ. 9,500 ಪೌಂಡ್ ಎಂದರೆ ಸುಮಾರು 4,300 ಕೆ.ಜಿ. ಆ ಬಲ ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಮೊದಲ ಸುತ್ತು ಮಾತ್ರ ಉಳಿದಿದ್ದಾಗ, ಸುತ್ತು ಹೆಚ್ಚಿದಂತೆ ಬಲ ಇಳಿಯುತ್ತದೆ ಎಂಬುದು ನೆನಪಿರಲಿ. ಮರಕ್ಕೆ ಪಟ್ಟಿ ಇಲ್ಲದೆ ಹಗ್ಗ ಸುತ್ತಬೇಡಿ. ಈ ಬಯಲುಸೀಮೆಯಲ್ಲಿ ಗಟ್ಟಿ ಮರವೇ ಅಪರೂಪ, ಇದ್ದೊಂದು ಬೇವಿನ ತೊಗಟೆ ಸೀಳಿದರೆ ರೈತರು ಮರೆಯುವುದಿಲ್ಲ.

ಟೈರ್ ಗಾಳಿ, ಮುಳ್ಳು, ನೀರು

ಹೊಸ ಸದಸ್ಯರಿಗೆ ಮೊದಲ ಪಾಠ ಗಾಳಿಯದ್ದೇ ಆಗಲಿ. ರಸ್ತೆಗೆ ಕಂಪನಿ ಹೇಳಿದಷ್ಟು, ಸಾಮಾನ್ಯವಾಗಿ 30ರ ಆಸುಪಾಸು ಪಿಎಸ್‌ಐ. ಗರಸು, ಕಲ್ಲಿನ ಬಂಡಿದಾರಿಗೆ 24, ಒಣಗಿದ ಹಳ್ಳದ ಮರಳಿಗೆ 16ರಿಂದ 18. ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಬಿಗಿಹಿಡಿಯುವ ಬಳೆ) ಇಲ್ಲದ ಚಕ್ರದಲ್ಲಿ 15ಕ್ಕಿಂತ ಕೆಳಗೆ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚುತ್ತದೆ. ಗಾಳಿ ಇಳಿಸಿದ ಮೇಲೆ ವೇಗ 20–25 ಕಿ.ಮೀ. ಮೀರಬಾರದು, ಡಾಂಬರು ಹತ್ತುವ ಮುಂಚೆ ಮತ್ತೆ ತುಂಬಬೇಕು. ಹಳೇ ಮೇಜರ್, ಎಂಎಂ 540 ಜೀಪುಗಳಲ್ಲಿ ಟ್ಯೂಬ್ ಇದ್ದರೆ 20ಕ್ಕಿಂತ ಕೆಳಗಿಳಿಸಬೇಡಿ. ರಿಮ್ಮಿನೊಳಗೆ ಟೈರು ಜಾರಿ ಟ್ಯೂಬಿನ ವಾಲ್ವ್ ಬುಡ ಹರಿಯುತ್ತದೆ. ಅಂಥವರು ಹೆಚ್ಚುವರಿ ಟ್ಯೂಬ್ ಎರಡು ತರಲಿ.

ಎರೆಮಣ್ಣಿನಲ್ಲಿ ಗಾಳಿ ಇಳಿಸುವುದರಿಂದ ಆಗುವ ಉಪಯೋಗ ಸ್ವಲ್ಪವೇ. ಒದ್ದೆ ಎರೆ ಟೈರಿನ ಗೀರುಗಳನ್ನು ತುಂಬಿಕೊಂಡು ನುಣುಪಾಗಿಸುತ್ತದೆ, ಚಕ್ರದ ಗೂಡಿನಲ್ಲಿ ಕಟ್ಟಿಕೊಂಡು ಸ್ಟಿಯರಿಂಗನ್ನೇ ತಡೆಯುತ್ತದೆ. ಮಳೆ ನಿಂತು ಮೇಲ್ಪದರ ಬಿರಿಯುವವರೆಗೆ ಎರೆಗೆ ಹೋಗದಿರುವುದೇ ಉತ್ತರ. ಹಾಗೆ ಹೋದ ಚಕ್ರದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ, ಹೊಲಕ್ಕೆ ಅದು ವರ್ಷಗಟ್ಟಲೆಯ ಗಾಯ.

ಬಳ್ಳಾರಿ ಜಾಲಿಯ ಮುಳ್ಳು ಈ ಸೀಮೆಯ ದೊಡ್ಡ ಶತ್ರು. ಕಡಿದು ಬಿಸಾಡಿದ ಒಣ ಟೊಂಗೆಯ ಮೇಲೆ ಹೋದರೆ ಒಂದೇ ಟೈರಿನಲ್ಲಿ ನಾಲ್ಕೈದು ತೂತು. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟಿನಲ್ಲಿ ಬತ್ತಿಗಳು ಇಪ್ಪತ್ತಾದರೂ ಇರಲಿ, ಮುಳ್ಳು ಕೀಳಲು ಒಂದು ಇಕ್ಕಳ ಇರಲಿ. ಬತ್ತಿ ಹಾಕುವುದು ನೆಲಕ್ಕೆ ತಾಗುವ ಭಾಗದ ತೂತಿಗೆ ಮಾತ್ರ. ಪಕ್ಕದ ಗೋಡೆ ಸೀಳಿದರೆ ಸ್ಟೆಪ್ನಿಯೇ ಗತಿ.

ನೀರಿಗೆ ಇಳಿಯುವ ಮುನ್ನ ಕೋಲು ಹಿಡಿದು ಒಬ್ಬರು ನಡೆದು ನೋಡಬೇಕು. ಹೊಸ ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿ.ಮೀ. ಅದು ನಿಂತ ನೀರಿಗೆ, ನಿಧಾನವಾಗಿ ಹೋದಾಗಿನ ಲೆಕ್ಕ, ಹರಿಯುವ ಹಳ್ಳಕ್ಕಲ್ಲ. ನೀರಿನ ನಡುವೆ ಎಂಜಿನ್ ಬಂದ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಸಿಲಿಂಡರಿಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ಹೊರಗೆ ತನ್ನಿ. ಮರುದಿನ ಡಿಫರೆನ್ಷಿಯಲ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯೇ ನೋಡಿ, ತಿರುಗಿದ್ದರೆ ಬದಲಿಸಿ.

ಓಡಾಟದ ದಿನ

ಹಿಂದಿನ ವಾರವೇ ಆ ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ತಾರೀಕು, ಜಾಗ, ಗಾಡಿ ನಂಬರುಗಳಿರುವ ಪತ್ರ ಕೊಟ್ಟು ಸ್ವೀಕೃತಿ ಪಡೆದಿರಿ. ಬೆಳಗ್ಗೆ ಆರೂವರೆಗೆ ಸೇರಿ. ಡ್ರೈವಿಂಗ್ ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ ನೋಡಿ. ಕುಡಿದು ಬಂದವರನ್ನು, ಅವರು ಕ್ಲಬ್ಬಿನ ಅಧ್ಯಕ್ಷರೇ ಆದರೂ, ಅಲ್ಲಿಂದಲೇ ವಾಪಸ್ ಕಳಿಸಿ. ಬ್ರೇಕ್, ಕೊಂಡಿ, ಬ್ಯಾಟರಿ ಕ್ಲಾಂಪ್, ಒಳಗಿನ ಸಡಿಲ ಸಾಮಾನು ಪರೀಕ್ಷಿಸಿ. ಜಾಕಿ ಮತ್ತು ಸಿಲಿಂಡರ್ ಕಟ್ಟದೆ ಬಿಟ್ಟರೆ ಗಾಡಿ ಓರೆಯಾದಾಗ ತಲೆಗೆ ಬರುತ್ತವೆ.

ದಾರಿ ಬಲ್ಲವರು ಮುಂದಿನ ಗಾಡಿಯಲ್ಲಿ, ಎಳೆಯುವ ಸಾಮಾನು ಮತ್ತು ಅನುಭವಿ ಚಾಲಕರು ಕೊನೆಯ ಗಾಡಿಯಲ್ಲಿ. ತಿರುವಿನಲ್ಲಿ ಪ್ರತಿಯೊಬ್ಬರೂ ತಮ್ಮ ಹಿಂದಿನ ಗಾಡಿ ಕಾಣುವವರೆಗೆ ನಿಲ್ಲಬೇಕು. ಇದೊಂದನ್ನು ಪಾಲಿಸಿದರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ಒಂದು ಗಾಡಿ ಪೂರ್ತಿ ಇಳಿದ ಮೇಲೆಯೇ ಇನ್ನೊಂದು. ಲೋ ರೇಂಜಿನ ಮೊದಲ ಗೇರು, ಕ್ಲಚ್ಚಿನ ಮೇಲೆ ಕಾಲಿಡುವಂತಿಲ್ಲ, ಗುಡ್ಡಕ್ಕೆ ಅಡ್ಡಡ್ಡ ತಿರುಗಿಸುವಂತಿಲ್ಲ. ಹತ್ತುವಾಗ ಎಂಜಿನ್ ನಿಂತರೆ ಬ್ರೇಕ್ ಹಿಡಿದು, ರಿವರ್ಸ್ ಗೇರಿನಲ್ಲಿ ನೇರ ಹಿಂದಕ್ಕೇ ಇಳಿಯಬೇಕು.

ಮಾತಾಡಲು ಮೊಬೈಲ್ ನಂಬಬೇಡಿ, ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದು. 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ 2018ರ ನಿಯಮದಂತೆ ಲೈಸೆನ್ಸ್ ಬೇಡ. ಅಂಥವನ್ನೇ ಕೊಳ್ಳಿ. ಎಲ್ಲ ಪಟ್ಟಿಯಲ್ಲೂ ಕೆಲಸ ಮಾಡುವ ಅಗ್ಗದ ಸೆಟ್ಟನ್ನು ಲೈಸೆನ್ಸ್ ಇಲ್ಲದೆ ಬಳಸುವುದು ಕಾನೂನುಬಾಹಿರ.

ಹೊರಡುವ ಮೊದಲೇ ಅತಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಯಾವ ದಾರಿ, ಎಷ್ಟು ಹೊತ್ತು ಎಂದು ಎಲ್ಲರಿಗೂ ಹೇಳಿ. ಕಲ್ಲು ಎತ್ತುವಾಗ ಕೊಳಕುಮಂಡಲ ಕಚ್ಚುವ ಸಂಭವ ಉಂಟು. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ತಡವಾಗುವುದಾದರೆ ನೀವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಂಜೆ ಹೊರಡುವ ಮೊದಲು ಮುರಿದ ಬದುವನ್ನು ಸಲಿಕೆಯಲ್ಲಿ ಎತ್ತಿ ಕಟ್ಟಿ, ಹೊಲದವರಿಗೆ ತೋರಿಸಿ ‘ಸರಿಯಾಯ್ತಾ ಯಜಮಾನ್ರೇ’ ಎಂದು ಕೇಳಿ. ದೊಡ್ಡ ಹಾನಿಯಾದರೆ ಜೆಸಿಬಿ ಯಾವ ದಿನ ಬರುತ್ತದೆಂದು ಅಲ್ಲೇ ಹೇಳಿ, ಆ ದಿನ ಸದಸ್ಯರೊಬ್ಬರು ಜೊತೆಗಿರಿ.

ವಿಮೆ ಮತ್ತು ಮಾರ್ಪಾಡು

ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆ, ಸಹನಶಕ್ತಿಯ ಸ್ಪರ್ಧೆಗಳಿಗೆ ಗಾಡಿ ಬಳಸಿದರೆ ಪರಿಹಾರವಿಲ್ಲ ಎಂದು ಬರೆದಿರುತ್ತದೆ. ಆದ್ದರಿಂದ ಸಮಯ ಅಳೆಯುವ ಪಂದ್ಯ, ಬಹುಮಾನ ಎರಡೂ ಬೇಡ. ಸ್ಪರ್ಧೆಯೇ ನಡೆಸುವ ಆಸೆಯಿದ್ದರೆ ದೇಶದ ಮೋಟಾರು ಕ್ರೀಡೆಯ ಒಕ್ಕೂಟ ಎಫ್‌ಎಂಎಸ್‌ಸಿಐ ಅನುಮತಿ, ಪ್ರತ್ಯೇಕ ವಿಮೆ ಎಲ್ಲ ಬೇಕು, ಅದು ಬೇರೆಯೇ ದಾರಿ. ಎಂಜಿನ್ನಿಗೆ ನೀರು ನುಗ್ಗಿದ ಹಾನಿಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದವರಿಗೂ ಷರತ್ತುಗಳಿರುತ್ತವೆ, ಓದಿಕೊಂಡೇ ಬನ್ನಿ. ಬಿಳಿ ಫಲಕದ ಗಾಡಿಯಲ್ಲಿ ಹಣ ಪಡೆದು ಪ್ರವಾಸಿಗರನ್ನು ಕೂರಿಸುವುದೂ ಪಾಲಿಸಿಗೆ ವಿರುದ್ಧ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿಯಲ್ಲಿರುವ ಮೂಲ ಸ್ವರೂಪ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಮುಂದಿನ ಉಕ್ಕಿನ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಸೂಚನೆ ಕೊಟ್ಟಿತ್ತು. ದಪ್ಪ ಟೈರು, ಎತ್ತರಿಸಿದ ಸ್ಪ್ರಿಂಗು, ಬುಲ್‌ಬಾರು ಇಲ್ಲದೆಯೂ ಈ ಜಿಲ್ಲೆಗಳ ದಾರಿಗಳನ್ನೆಲ್ಲ ಓಡಬಹುದು. ಕಂಪನಿಯಿಂದ ಬಂದಂತೆಯೇ ಇರುವ ಗಾಡಿಯನ್ನು ಚೆನ್ನಾಗಿ ಓಡಿಸಲು ಕ್ಲಬ್ ಕಲಿಸಲಿ.

ಕೊನೆಗೆ ಹೆಸರು ಮತ್ತು ನೋಂದಣಿ

ಹೀಗೆ ನಾಲ್ಕೈದು ಓಡಾಟ ಒಂದಾಗಿ ಮುಗಿಸಿದವರು ಮಾತ್ರ ಉಳಿದುಕೊಂಡಾಗ ಕಾಗದದ ಕೆಲಸ ಶುರುಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ವಯಸ್ಕರಾದ ಏಳು ಜನ ಸಾಕು. ಗಾಡಿಯ ಬ್ರ್ಯಾಂಡ್ ಹೆಸರನ್ನು ಕ್ಲಬ್ಬಿನ ಹೆಸರಿನಲ್ಲಿ ತರಬೇಡಿ. ಅದು ಕಂಪನಿಯ ಟ್ರೇಡ್‌ಮಾರ್ಕ್, ಮೇಲಾಗಿ ಉಳಿದ ಗಾಡಿಯವರನ್ನು ಹೊರಗಿಟ್ಟಂತೆ. ಸಂಘದ ಜ್ಞಾಪನ ಪತ್ರ, ನಿಯಮಾವಳಿ, ಏಳು ಜನರ ಗುರುತು ಮತ್ತು ವಿಳಾಸದ ದಾಖಲೆ, ಕಚೇರಿಗೆ ಜಾಗ ಕೊಟ್ಟವರ ಒಪ್ಪಿಗೆ ಪತ್ರ ಹಿಡಿದು, ಕಚೇರಿ ಇರುವ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಹಾಕಬೇಕು. ಕಾರ್ಯವ್ಯಾಪ್ತಿ ಎರಡೂ ಜಿಲ್ಲೆ ಎಂದು ಸ್ಪಷ್ಟವಾಗಿ ಬರೆಯಿರಿ. ಉದ್ದೇಶಗಳಲ್ಲಿ ಕ್ರೀಡೆ, ಸುರಕ್ಷಿತ ಚಾಲನೆಯ ತರಬೇತಿ, ನೆರೆ–ಅಪಘಾತಗಳಲ್ಲಿ ನೆರವು ಇರಲಿ.

ನಿಯಮಾವಳಿಯನ್ನು ಅಂಗಡಿಯ ಸಿದ್ಧ ನಮೂನೆಯಿಂದ ನಕಲು ಮಾಡಿದವರು ಆಮೇಲೆ ಪರದಾಡುತ್ತಾರೆ. ಸಭೆಗೆ ಎಷ್ಟು ಜನ ಕೋರಂ, ಚಂದಾ ಕೊಡದಿದ್ದರೆ ಎಷ್ಟು ತಿಂಗಳಿಗೆ ಸದಸ್ಯತ್ವ ಹೋಗುತ್ತದೆ, ಒಪ್ಪಿಗೆಯಿಲ್ಲದ ಜಮೀನಿಗೆ ಕ್ಲಬ್ ಸ್ಟಿಕ್ಕರ್ ಹಾಕಿಕೊಂಡು ಇಳಿದವರನ್ನು ಯಾರು ಹೇಗೆ ತೆಗೆಯುತ್ತಾರೆ ಎಂಬ ಮೂರನ್ನಾದರೂ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಪ್ರವೇಶ ಶುಲ್ಕಕ್ಕೆ ಸುಲಭದ ಲೆಕ್ಕವಿದೆ. ಮೇಲೆ ಹೇಳಿದ ಸಾಮಾನಿನ ಬೆಲೆ ಕೂಡಿಸಿ, ಸೇರುವ ಸದಸ್ಯರ ಸಂಖ್ಯೆಯಿಂದ ಭಾಗಿಸಿ. ವಾರ್ಷಿಕ ಚಂದಾ ಹಗ್ಗ ಬದಲಿಸುವುದಕ್ಕೂ ಲೆಕ್ಕಪರಿಶೋಧಕರಿಗೂ ಸಾಕಾಗುವಷ್ಟಿರಲಿ. ಓಡಾಟದ ಖರ್ಚನ್ನು ಬಂದವರೇ ಆಯಾ ದಿನ ಹಂಚಿಕೊಳ್ಳಲಿ.

ನೋಂದಣಿ ಪತ್ರ ಬಂದ ಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ. ಇಬ್ಬರ ಸಹಿ ಇಲ್ಲದೆ ಹಣ ತೆಗೆಯುವಂತಿಲ್ಲ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಿ, ಆಡಳಿತ ಮಂಡಳಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕವನ್ನು 14 ದಿನದೊಳಗೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಉತ್ಸಾಹ ಇಳಿದ ಎರಡನೇ ವರ್ಷದಲ್ಲಿ ಇದನ್ನೇ ಮರೆಯುವುದು, ಆಮೇಲೆ ದಂಡ ಕಟ್ಟಿ ನವೀಕರಿಸಲು ಓಡಾಡುವುದು.

ಕಾರ್ಯದರ್ಶಿಯ ಕೈಯಲ್ಲಿ ಮೂರು ವಹಿ ಇರಲಿ: ಹಣದ ವಹಿ, ಜಮೀನಿನ ವಹಿ, ಸಾಮಾನಿನ ವಹಿ. ಜಮೀನಿನ ವಹಿಯಲ್ಲಿ ಪ್ರತಿ ಸರ್ವೆ ನಂಬರಿಗೂ ಒಂದು ಪುಟ: ಯಾರು ಒಪ್ಪಿದರು, ಯಾವಾಗ ಹೋದಿರಿ, ಏನು ಹಾಳಾಯಿತು, ಯಾವತ್ತು ಸರಿಮಾಡಿದಿರಿ. ಸಾಮಾನಿನ ವಹಿಯಲ್ಲಿ ಹಗ್ಗದ ಪ್ರತಿ ಎಳೆತದ ಲೆಕ್ಕ. ಎಳೆ ಕಿತ್ತ, ಒಂದೆಡೆ ಗಟ್ಟಿಯಾಗಿ ಕರಗಿದಂತಾದ ಅಥವಾ ಡೀಸೆಲ್ ಬಿದ್ದ ಹಗ್ಗವನ್ನು ಅದೇ ದಿನ ವಹಿಯಲ್ಲಿ ಹೊಡೆದುಹಾಕಿ, ಇನ್ಯಾರೂ ಬಳಸದಂತೆ ನಾಲ್ಕು ತುಂಡು ಮಾಡಿ.